ಕಾಳಿ ದಂಡೆಯ ಕಾಡಿನಲ್ಲಿ ಎರಡು ದಿನ: ಪದೇ ಪದೇ ಕೇಳುವ ಪ್ರಶ್ನೆಗಳು

ನಮ್ಮ ಮನೆ ಇರುವುದು ಕಾರವಾರದ ಕೋಡಿಬಾಗದಲ್ಲಿ. ಕಾಳಿ ನದಿ ಸಮುದ್ರ ಸೇರುವ ಜಾಗ ಇಲ್ಲಿಂದ ನಡೆದು ಹೋಗುವಷ್ಟು ಹತ್ತಿರ. ಘಟ್ಟದ ಮೇಲೆ ಗಣೇಶಗುಡಿ, ದಾಂಡೇಲಿ, ಜೊಯಿಡಾ ಕಡೆ ಹೊಳೆದಂಡೆಯಲ್ಲಿ ಎರಡು ದಿನ ಇದ್ದು ಬರಬೇಕೆನ್ನುವ ನೆಂಟರು, ಮಕ್ಕಳ ಸ್ನೇಹಿತರು, ಅವರ ಸ್ನೇಹಿತರು ಮೊದಲು ನಮ್ಮನ್ನೇ ಕೇಳುತ್ತಾರೆ. ಮತ್ತೆ ಮತ್ತೆ ಬರುವ ಪ್ರಶ್ನೆಗಳನ್ನು ಕೇಳಿದವರ ಮಾತಿನಲ್ಲೇ ಇಟ್ಟು ಉತ್ತರ ಬರೆದಿದ್ದೇನೆ. ಎಲ್ಲವನ್ನೂ ಓದಲು ಪುರುಸೊತ್ತಿಲ್ಲದವರು ನೀರಿನ ಭಾಗವನ್ನಾದರೂ ಪೂರ್ತಿ ಓದಿ.

## ಹೊರಡುವ ಮುನ್ನ

ಕಾಳಿ ದಂಡೆ ಎನ್ನುತ್ತೀರಿ, ನಿಜವಾಗಿ ಯಾವ ಊರಿಗೆ ಹೋಗಬೇಕು?

ಕಾಳಿ ಹುಟ್ಟುವುದು ಜೊಯಿಡಾ ತಾಲ್ಲೂಕಿನ ಡಿಗ್ಗಿಯ ಬಳಿ. ಸುಮಾರು 184 ಕಿ.ಮೀ. ಹರಿದು ಕಾರವಾರದಲ್ಲಿ ಕಡಲಿಗೆ ಬೀಳುತ್ತದೆ. ಹುಟ್ಟಿದ ಜಿಲ್ಲೆಯಲ್ಲೇ ಸಮುದ್ರ ಸೇರುವ ನದಿ ಇದು. ಬಿಡಾರ ಹೂಡಲು ಜನ ಹೆಚ್ಚಾಗಿ ಹೋಗುವುದು ಸೂಪಾ ಅಣೆಕಟ್ಟೆಯ ಕೆಳಗಿನ ಗಣೇಶಗುಡಿ ಮತ್ತು ದಾಂಡೇಲಿಯ ನಡುವಿನ ಭಾಗಕ್ಕೆ. ಸದ್ದುಗದ್ದಲ ಬೇಡ, ಕಾಡೇ ಬೇಕು ಎನ್ನುವವರಿಗೆ ಅರಣ್ಯ ಇಲಾಖೆಯ ಕುಳಗಿ ಶಿಬಿರವಿದೆ. ದಾಂಡೇಲಿಯಿಂದ ಹನ್ನೆರಡು ಕಿ.ಮೀ. ಆಸುಪಾಸು. ಅಣಶಿ, ಕ್ಯಾಸಲ್‌ರಾಕ್ ಕಡೆಯೂ ಇಲಾಖೆಯ ಶಿಬಿರಗಳಿವೆ. ಊರಿನೊಳಗೇ ಅರ್ಧ ದಿನ ಕಳೆಯಬೇಕಾದರೆ ದಾಂಡೇಲಿಯ ಮೌಳಂಗಿ ಉದ್ಯಾನ ಸಾಕು. ಮರದ ನೆರಳು, ಬಂಡೆ, ಪಕ್ಕದಲ್ಲೇ ಹೊಳೆ. ಮೊದಲ ಸಲ ಬರುವವರಿಗೆ ನಾನು ಕುಳಗಿಯನ್ನೇ ಹೇಳುತ್ತೇನೆ. ಅಲ್ಲಿ ಹೊಳೆ ಕಾಲಬುಡದಲ್ಲಿ ಇಲ್ಲದಿರಬಹುದು, ಆದರೆ ರಾತ್ರಿ ಕಾಡು ಹೇಗಿರುತ್ತದೆ ಎಂಬುದು ತಿಳಿಯುತ್ತದೆ.

ಯಾವ ತಿಂಗಳು ಒಳ್ಳೆಯದು?

ನವೆಂಬರ್‌ನಿಂದ ಫೆಬ್ರವರಿ. ಆಗ ಬೆಳಗಿನ ಜಾವ ಮಂಜು, ಮಧ್ಯಾಹ್ನ ಹದವಾದ ಬಿಸಿಲು. ಮಾರ್ಚ್ ಹೊತ್ತಿಗೆ ಸಾಗವಾನಿ ಎಲೆ ಉದುರಿ ಕಾಡು ಬೋಳಾಗಿರುತ್ತದೆ, ಸೆಕೆ ಏರುತ್ತದೆ. ಪ್ರಾಣಿ ಕಾಣುವುದು ಮಾತ್ರ ಆಗಲೇ ಹೆಚ್ಚು, ಏಕೆಂದರೆ ಅವು ನೀರು ಹುಡುಕಿಕೊಂಡು ಬರುತ್ತವೆ. ಮೇ ಕೊನೆಯಲ್ಲಿ, ಮೊದಲ ಮಳೆಯ ಮುಂಚಿನ ರಾತ್ರಿಗಳಲ್ಲಿ, ಮಿಂಚುಹುಳುಗಳು ಇಡೀ ಮರವನ್ನೇ ಬೆಳಗಿಸುವುದುಂಟು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಿಡಾರದ ಆಸೆ ಬಿಟ್ಟುಬಿಡಿ. ಕ್ಯಾಸಲ್‌ರಾಕ್ ಸುತ್ತ ವರ್ಷಕ್ಕೆ 5000 ಮಿ.ಮೀ. ದಾಟುವ ಮಳೆ ಸುರಿಯುತ್ತದೆ. ಮಳೆ ನೋಡಲೆಂದೇ ಬರುವುದಾದರೆ ಗಟ್ಟಿ ಸೂರಿನ ಕೆಳಗೆ ಉಳಿಯಿರಿ, ಜಲಪಾತಗಳಿಗೆ ಹೋಗುವ ಮುನ್ನ ನಿರ್ಬಂಧ ಇದೆಯೇ ಎಂದು ವಿಚಾರಿಸಿ.

ಸ್ವಂತ ಗಾಡಿ ಇಲ್ಲ. ತಲುಪುವುದು ಹೇಗೆ?

ರೈಲಿನಲ್ಲಿ ಧಾರವಾಡ ಅಥವಾ ಹುಬ್ಬಳ್ಳಿಗೆ ಬಂದು ಬಸ್ ಹಿಡಿಯುವುದು ಸುಲಭ. ಧಾರವಾಡದಿಂದ ದಾಂಡೇಲಿ ಸುಮಾರು 55 ಕಿ.ಮೀ., ಹುಬ್ಬಳ್ಳಿಯಿಂದ 75. ಕಾರವಾರದಿಂದ ಬರುವ ದಾರಿ ಉದ್ದ, ನೂರು ಕಿ.ಮೀ. ದಾಟುತ್ತದೆ. ಆದರೂ ನನಗೆ ಅದೇ ಮೆಚ್ಚು. ಕದ್ರಾ ದಾಟಿದ ಮೇಲೆ ಅಣಶಿ ಘಟ್ಟ ಏರುವಾಗ ಕಿಟಕಿಯ ಗಾಳಿ ತಿರುವಿನಿಂದ ತಿರುವಿಗೆ ತಣ್ಣಗಾಗುವುದು ಮೈಗೆ ಗೊತ್ತಾಗುತ್ತದೆ. ಮಳೆಗಾಲದಲ್ಲಿ ಈ ಘಟ್ಟದಲ್ಲಿ ಗುಡ್ಡ ಕುಸಿದು ದಾರಿ ಮುಚ್ಚುವುದುಂಟು, ಆಗ ಬಳಸು ದಾರಿಯೇ ಗತಿ. ಜೊಯಿಡಾದಿಂದ ಒಳಗಿನ ಹಳ್ಳಿಗಳಿಗೆ ಬಸ್ ಕಡಿಮೆ. ಉಳಿದುಕೊಳ್ಳುವ ಮನೆಯವರನ್ನು ಮೊದಲೇ ಕೇಳಿ ಜೀಪಿನ ವ್ಯವಸ್ಥೆ ಮಾಡಿಕೊಳ್ಳಿ.

ನಮ್ಮದೇ ಟೆಂಟ್ ಇದೆ. ಹೊಳೆ ದಂಡೆಯಲ್ಲಿ ಎಲ್ಲಾದರೂ ಹಾಕಬಹುದಲ್ಲವೇ?

ಇಲ್ಲ. ನಿಮ್ಮ ಕಣ್ಣಿಗೆ ಖಾಲಿ ಕಾಣುವ ದಂಡೆ ಬಹುತೇಕ ಮೀಸಲು ಅರಣ್ಯ. ಸಾಕಷ್ಟು ಭಾಗ ಕಾಳಿ ಹುಲಿ ಸಂರಕ್ಷಿತ ಪ್ರದೇಶ. ಅನುಮತಿಯಿಲ್ಲದೆ ಒಳಹೊಕ್ಕರೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅದು ಅಪರಾಧ. ಅರಣ್ಯ ಇಲಾಖೆಯ ಶಿಬಿರದಲ್ಲಿ, ಇಲ್ಲವೇ ನೋಂದಣಿ ಇರುವ ಹೋಂಸ್ಟೇಯ ಸ್ವಂತ ಜಾಗದಲ್ಲಿ ಮಾತ್ರ ಟೆಂಟ್ ಹಾಕಿ. ಇಲಾಖೆಯ ಚಾರಣಗಳಿಗೆ ‘ಅರಣ್ಯ ವಿಹಾರ’ ಜಾಲತಾಣದಲ್ಲಿ ಟಿಕೆಟ್ ಸಿಗುತ್ತದೆ. ಕಾನೂನು ಒಂದು ಕಡೆ ಇರಲಿ. ಕತ್ತಲಾದ ಮೇಲೆ ಹೊಳೆಯಂಚು ಪ್ರಾಣಿಗಳು ನೀರಿಗೆ ಬರುವ ದಾರಿ. ಸಮತಟ್ಟಾಗಿ, ಹುಲ್ಲು ತುಳಿದಂತೆ ಇದ್ದು ಟೆಂಟಿಗೆ ಹೇಳಿ ಮಾಡಿಸಿದಂತೆ ಕಾಣುವ ಜಾಗವೇ ಕಾಡುಕೋಣಗಳ ಹಾದಿಯಾಗಿರುತ್ತದೆ.

ಹೋಂಸ್ಟೇ ಬಹಳ ಇವೆ. ಆರಿಸುವಾಗ ಏನು ಕೇಳಬೇಕು?

ಮೂರು ಪ್ರಶ್ನೆ ಸಾಕು. ಪ್ರವಾಸೋದ್ಯಮ ಇಲಾಖೆಯ ನೋಂದಣಿ ಇದೆಯೇ? ಮನೆಯವರು ಅಲ್ಲೇ ವಾಸವಿದ್ದಾರೆಯೇ? ರಾತ್ರಿ ಧ್ವನಿವರ್ಧಕ ಹಾಕುತ್ತಾರೆಯೇ? ಮೂರನೆಯದಕ್ಕೆ ‘ನಿಮಗೆ ಬೇಕಾದಷ್ಟು ಹೊತ್ತು’ ಎಂಬ ಉತ್ತರ ಬಂದರೆ ಅಲ್ಲಿಗೆ ಹೋಗಬೇಡಿ. ಕಾಡಿನ ಅಂಚಿನಲ್ಲಿ ರಾತ್ರಿ ಹನ್ನೆರಡರವರೆಗೆ ಹಾಡು ಮೊಳಗಿಸುವವರು ನಿಮ್ಮ ಸುರಕ್ಷತೆಯ ಬಗ್ಗೆಯೂ ಅಷ್ಟೇ ಉದಾಸೀನ ಮಾಡುತ್ತಾರೆ.

ಏನೇನು ಕಟ್ಟಿಕೊಂಡು ಹೋಗಬೇಕು?

ಬೆರಳು ಮುಚ್ಚುವ ಶೂ, ಉದ್ದ ತೋಳಿನ ತಿಳಿಬಣ್ಣದ ಅಂಗಿ, ಒಳ್ಳೆಯ ಬ್ಯಾಟರಿ, ಕಿವಿ ಮುಚ್ಚುವ ಟೋಪಿ, ದಿನನಿತ್ಯದ ಔಷಧ, ನೀರಿನ ಸ್ವಂತ ಬಾಟಲಿ, ಒಣ ಬಟ್ಟೆ ಇಡಲು ಗಟ್ಟಿ ಚೀಲ. ಕೈಯಲ್ಲಿ ಸ್ವಲ್ಪ ನಗದು ಇರಲಿ. ಸೆಂಟು ಬೇಡ. ಕಾಡಿನ ನಡುವಿನ ದೊಡ್ಡ ಬಂಡೆಯ ತಾಣ ಸಿಂಥೇರಿಯಂಥ ಕಡೆ ಬಂಡೆಗೆ ಹೆಜ್ಜೇನು ಗೂಡು ಕಟ್ಟಿರುತ್ತದೆ. ಘಾಟು ವಾಸನೆ, ಹೊಗೆ, ಕೂಗಾಟ ಮೂರೂ ಅವುಗಳನ್ನು ಕೆರಳಿಸುತ್ತವೆ.

ಮೊಬೈಲ್ ಸಿಗ್ನಲ್ ಸಿಗುತ್ತದೆಯೇ?

ದಾಂಡೇಲಿಯಲ್ಲಿ ಸಿಗುತ್ತದೆ. ಜೊಯಿಡಾದ ಒಳಭಾಗದಲ್ಲಿ ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ನಕ್ಷೆಯನ್ನು ಮೊದಲೇ ಇಳಿಸಿಕೊಳ್ಳಿ, ಮನೆಯವರಿಗೆ ಉಳಿಯುವ ಜಾಗದ ಹೆಸರು ಹೇಳಿ ಹೊರಡಿ.

## ನೀರಿನ ಹತ್ತಿರ

ಮಳೆಯೇ ಇಲ್ಲ, ಬಿಸಿಲು ಕಾಯುತ್ತಿದೆ. ಆದರೂ ಹೊಳೆ ಏರುತ್ತದೆ ಎನ್ನುತ್ತಾರಲ್ಲ, ಹೇಗೆ?

ಎಲ್ಲರೂ ಕೇಳಲೇಬೇಕಾದ ಪ್ರಶ್ನೆ ಇದು, ಕೇಳುವವರು ಮಾತ್ರ ಕಡಿಮೆ. ಕಾಳಿಯ ನೀರು ಏರಿಳಿಯುವುದು ಆಕಾಶ ನೋಡಿಕೊಂಡು ಅಲ್ಲ, ವಿದ್ಯುತ್ತಿನ ಬೇಡಿಕೆ ನೋಡಿಕೊಂಡು. ಗಣೇಶಗುಡಿಯಲ್ಲಿ 101 ಮೀಟರ್ ಎತ್ತರದ ಸೂಪಾ ಅಣೆಕಟ್ಟೆ ಇದೆ. ಅದರ ಬುಡದಲ್ಲಿ ನೀರಿನಿಂದ ತಿರುಗುವ, ತಲಾ 50 ಮೆಗಾವಾಟ್‌ನ ಎರಡು ವಿದ್ಯುತ್ ಯಂತ್ರಗಳಿವೆ. ಯಂತ್ರ ನಿಂತಿದ್ದಾಗ ಕೆಳಗಿನ ಹೊಳೆಯಲ್ಲಿ ಬಂಡೆಗಳು ಎದ್ದು ಕಾಣುತ್ತವೆ, ನಡುವೆ ತಿಳಿನೀರಿನ ಮಡುಗಳು ಮಕ್ಕಳನ್ನು ಕೈಬೀಸಿ ಕರೆಯುವಂತಿರುತ್ತವೆ. ಯಂತ್ರ ತಿರುಗಿತೆಂದರೆ ಅದೇ ಬಂಡೆಗಳು ನೀರಿನ ಅಡಿಗೆ ಹೋಗುತ್ತವೆ.

ಒಂದು ಮಧ್ಯಾಹ್ನ ಗಣೇಶಗುಡಿಯ ಕೆಳಗೆ ಬಂಡೆಯ ಮೇಲೆ ಬುತ್ತಿ ಬಿಚ್ಚಿ ಕುಳಿತಿದ್ದೆವು. ಚಪ್ಪಲಿಗಳನ್ನು ಒಂದು ಮೆಟ್ಟಿಲು ಕೆಳಗಿನ ಒಣಗಲ್ಲಿನ ಮೇಲೆ ಬಿಟ್ಟಿದ್ದೆವು. ಮೊದಲು ಬದಲಾದದ್ದು ಸದ್ದು. ಅಲ್ಲಿಯವರೆಗೆ ಜುಳುಜುಳು ಎನ್ನುತ್ತಿದ್ದ ಹೊಳೆ ಒಮ್ಮೆಲೇ ದಪ್ಪ ದನಿಯಲ್ಲಿ ಗುನುಗತೊಡಗಿತು. ಆಮೇಲೆ ಒಣ ಎಲೆಗಳು ತೇಲಿ ಬಂದವು, ಒಂದೆರಡಲ್ಲ, ಚಾಪೆಯಂತೆ ಒತ್ತಾಗಿ. ಎಲೆಗಳ ಹಿಂದೆ ಬಿಳಿ ನೊರೆ. ಅದೇನೆಂದು ನೋಡುತ್ತಿರುವಾಗಲೇ ಚಪ್ಪಲಿಗಳು ಕಲ್ಲಿನಿಂದ ಎದ್ದು ತಿರುಗಿಕೊಂಡು ಹೊರಟವು. ಬುತ್ತಿಯ ಡಬ್ಬಿ ಅಲ್ಲೇ ಬಿಟ್ಟು ಮೇಲೆ ಹತ್ತಿ ನಿಂತು ತಿರುಗಿ ನೋಡಿದಾಗ ನಾವು ಕುಳಿತಿದ್ದ ಬಂಡೆ ಕಾಣುತ್ತಿರಲಿಲ್ಲ. ಜೊತೆಗೆ ಆರು ವರ್ಷದ ಹುಡುಗಿಯಿದ್ದಳು. ಇಂದಿಗೂ ಅದನ್ನು ನೆನೆದರೆ ನನಗೆ ಮೈ ನಡುಗುತ್ತದೆ.

ಹಾಗಾಗಿ ದಂಡೆಯಲ್ಲಿ ಕೂರುವ ಮುನ್ನ ಬಂಡೆಯನ್ನು ನೋಡಿ. ಕೆಳಭಾಗ ಕಪ್ಪಗೆ, ಪಾಚಿ ಹಿಡಿದು, ಮೇಲ್ಭಾಗ ಬೂದುಬಣ್ಣಕ್ಕೆ ಒಣಗಿ ನಡುವೆ ಒಂದು ಗೆರೆ ಕಾಣುತ್ತದೆ. ನೀರು ದಿನವೂ ಅಲ್ಲಿಯವರೆಗೆ ಬರುತ್ತದೆ ಎಂಬುದಕ್ಕೆ ಅದೇ ಸಾಕ್ಷಿ. ಗೆರೆಯ ಮೇಲೆಯೇ ಕುಳಿತುಕೊಳ್ಳಿ. ನೀರಿನಂಚಿಗೆ ಒಂದು ಕಡ್ಡಿ ಚುಚ್ಚಿಟ್ಟು ಆಗಾಗ ಕಣ್ಣಾಡಿಸಿ. ಕಡ್ಡಿಯ ಬುಡ ಮುಳುಗಿದರೆ ಸಾಮಾನು ಬಿಟ್ಟು ಏಳಿ. ಹೊಳೆಯ ನಡುವಿನ ಬಂಡೆಗೆ ಮಾತ್ರ ಎಂದೂ ದಾಟಬೇಡಿ. ದಡದಲ್ಲಿ ಇರುವವರಿಗೆ ಮೇಲೆ ಹತ್ತಲು ದಾರಿಯಿದೆ, ನಡುಬಂಡೆಯಲ್ಲಿ ಇರುವವರಿಗೆ ಇಲ್ಲ.

ನನಗೆ ಚೆನ್ನಾಗಿ ಈಜು ಬರುತ್ತದೆ. ಇಳಿದರೆ ತಪ್ಪೇನು?

ಕೆರೆ, ಬಾವಿಯ ಈಜು ಬೇರೆ, ಹೊಳೆಯ ಈಜು ಬೇರೆ. ಇಲ್ಲಿನ ಬಂಡೆಗಳ ನಡುವೆ ನೀರು ಕೊರೆದ ಗುಂಡಿಗಳಿವೆ, ಮೇಲಿನಿಂದ ಕಾಣದ ಸುಳಿಗಳಿವೆ, ಕಾಲು ಸಿಕ್ಕಿಕೊಳ್ಳುವ ಸಂದುಗಳಿವೆ. ಅಣೆಕಟ್ಟೆಯ ಆಳದಿಂದ ಬರುವ ನೀರು ತುಂಬ ತಣ್ಣಗಿದ್ದು ಸ್ನಾಯು ಹಿಡಿದುಕೊಳ್ಳುತ್ತದೆ. ಶಿಬಿರದವರು ತೋರಿಸಿದ ಜಾಗದಲ್ಲಿ, ಅವರು ಹೇಳಿದ ಹೊತ್ತಿನಲ್ಲಿ, ಜೀವರಕ್ಷಕ ಜಾಕೆಟ್ ತೊಟ್ಟು ಇಳಿಯಿರಿ. ಕುಡಿದವರು ನೀರಿನ ಹತ್ತಿರವೂ ಸುಳಿಯಬಾರದು.

ಮೊಸಳೆ ನಿಜವಾಗಿಯೂ ಇವೆಯೇ, ಹೆದರಿಸಲು ಹೇಳುತ್ತಾರೆಯೇ?

ನಿಜವಾಗಿಯೂ ಇವೆ. ದಾಂಡೇಲಿ ಸುತ್ತ ಹೊಳೆ ನಿಧಾನವಾಗುವ ಕಡೆ, ದಾಂಡೇಲಪ್ಪ ದೇವಸ್ಥಾನದ ಬಳಿ, ಬೆಳಗಿನ ಬಿಸಿಲಿಗೆ ಬಾಯಿ ತೆರೆದು ಮಲಗಿದ್ದನ್ನು ಯಾರು ಬೇಕಾದರೂ ನೋಡಬಹುದು. ಬಾಯಿ ತೆರೆಯುವುದು ಸಿಟ್ಟಿನಿಂದಲ್ಲ, ಮೈಯ ಬಿಸಿ ಹದಮಾಡಿಕೊಳ್ಳಲು. ದಾಂಡೇಲಿಯಲ್ಲಿ ಮನುಷ್ಯರ ಜೀವ ಹೋಗಿರುವುದೂ ಉಂಟು. ದಂಡೆಯಲ್ಲಿ ಮೀನು ತೊಳೆಯುವುದು, ಮಾಂಸದ ತುಣುಕು ಎಸೆಯುವುದು ಮೊಸಳೆಯನ್ನು ಊರಿನ ಹತ್ತಿರ ಕರೆದಂತೆ. ಮುಂಜಾನೆ, ಮುಸ್ಸಂಜೆ ಬಾಗಿ ಮುಖ ತೊಳೆಯಬೇಡಿ, ನೀರಿಗೆ ಬೆನ್ನು ಹಾಕಿ ಕೂರಬೇಡಿ. ಬೇಸಿಗೆಯಲ್ಲಿ ಮರಳುದಂಡೆಯಲ್ಲಿ ಅವು ಮೊಟ್ಟೆಯಿಟ್ಟಿರುತ್ತವೆ. ಕೆದಕಿದಂತಿರುವ ಮರಳಿನ ಬಳಿ ಹೋಗಬೇಡಿ.

ರಾಫ್ಟಿಂಗ್ ಎಲ್ಲ ದಿನವೂ ಇರುತ್ತದೆಯೇ?

ಇರುವುದಿಲ್ಲ. ಮೇಲಿನಿಂದ ನೀರು ಬಿಟ್ಟರೆ ಉಂಟು, ಇಲ್ಲದಿದ್ದರೆ ಇಲ್ಲ. ಸಾಮಾನ್ಯವಾಗಿ ಮಳೆಗಾಲ ಮುಗಿದ ಮೇಲೆ ಅಕ್ಟೋಬರ್‌ನಿಂದ ಬೇಸಿಗೆಯ ಕೊನೆಯವರೆಗೆ ಗಣೇಶಗುಡಿ ಭಾಗದಲ್ಲಿ ನಡೆಯುತ್ತದೆ. ಪರವಾನಗಿ, ತಲೆಗವಸು, ಜೊತೆಗೆ ಬರುವ ರಕ್ಷಣಾ ದೋಣಿ ಈ ಮೂರನ್ನು ಕಣ್ಣಾರೆ ನೋಡಿಯೇ ಹತ್ತಿ. ದೋಣಿಗೆ ಮಿತಿ ಮೀರಿ ಜನ ತುಂಬಿದರೆ ಕೊಟ್ಟ ಹಣ ಹೋದರೆ ಹೋಯಿತು, ಇಳಿದುಬಿಡಿ.

## ಕಾಡಿನೊಳಗೆ

ಚಳಿ ಇರುತ್ತದೆ. ಬೆಂಕಿ ಹಾಕಿಕೊಳ್ಳಬಹುದೇ?

ಶಿಬಿರದವರು ಮಾಡಿರುವ ಕುಂಡದಲ್ಲಿ, ಅವರೇ ಹಚ್ಚಿದರೆ ಸರಿ. ಜನವರಿಯಿಂದ ಮೇವರೆಗೆ ಸಾಗವಾನಿಯ ಅಗಲ ಎಲೆಗಳು ಹಪ್ಪಳದಂತೆ ಒಣಗಿ ನೆಲ ಮುಚ್ಚಿರುತ್ತವೆ. ಒಂದು ಕಿಡಿ ಸಾಕು. ಆ ಕಾಲದಲ್ಲಿ ಅರಣ್ಯ ರಕ್ಷಕರು ಬೆಂಕಿರೇಖೆ ಕಡಿಯುತ್ತ, ಹಸಿ ಸೊಪ್ಪಿನಿಂದ ಬೆಂಕಿ ಬಡಿಯುತ್ತ ಎಷ್ಟೋ ರಾತ್ರಿ ನಿದ್ದೆಗೆಡುತ್ತಾರೆ. ಸಿಗರೇಟಿನ ತುದಿಯನ್ನು ಕಿಸೆಯ ಡಬ್ಬಿಯಲ್ಲಿ ಹಾಕಿಕೊಂಡು ತನ್ನಿ.

ಉಂಬಳ, ಉಣುಗು ಎಂದರೆ ಏನು? ಯಾವುದಕ್ಕೆ ಹೆಚ್ಚು ಹೆದರಬೇಕು?

ಉಂಬಳ ಎಂದರೆ ಮಳೆಗಾಲದ ಜಿಗಣೆ, ಕೆಲವರು ಇಂಬಳ ಎನ್ನುತ್ತಾರೆ. ಕಚ್ಚಿದರೆ ರಕ್ತ ಸೋರುತ್ತದೆ, ತುರಿಕೆಯಾಗುತ್ತದೆ, ಅಷ್ಟೇ. ಕಾಲಿಗೆ ಸುಣ್ಣವನ್ನೋ ಉಪ್ಪನ್ನೋ ಸವರಿಕೊಳ್ಳುವುದು ಊರಿನ ರೂಢಿ. ಹೆದರಬೇಕಾದದ್ದು ಉಣುಗಿಗೆ. ಸಾಸಿವೆಗಿಂತ ಸಣ್ಣದಾದ ಈ ಹುಳು ಒಣಗಾಲದಲ್ಲಿ ತರಗೆಲೆಯಲ್ಲಿರುತ್ತದೆ. ಮಂಗನ ಕಾಯಿಲೆ ಹರಡುವುದು ಇದರಿಂದಲೇ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಮೊದಲು ಪತ್ತೆಯಾದ ಈ ರೋಗ ನಮ್ಮ ಜಿಲ್ಲೆಯಲ್ಲಿ, ಮುಖ್ಯವಾಗಿ ಸಿದ್ದಾಪುರ, ಹೊನ್ನಾವರ ಕಡೆ, ಬೇಸಿಗೆಯಲ್ಲಿ ಮರುಕಳಿಸುತ್ತದೆ. ತರಗೆಲೆಯ ಮೇಲೆ ಹಾಸಿಕೊಂಡು ಮಲಗಬೇಡಿ. ಪ್ಯಾಂಟಿನ ತುದಿಯನ್ನು ಕಾಲುಚೀಲದೊಳಗೆ ತುರುಕಿ. ಬಂದ ಕೂಡಲೇ ಬಿಸಿನೀರು ಸ್ನಾನ ಮಾಡಿ, ಬಟ್ಟೆಯನ್ನು ಬಿಸಿನೀರಿಗೆ ಹಾಕಿ. ಸತ್ತ ಮಂಗ ಕಂಡರೆ ಹತ್ತಿರ ಹೋಗದೆ ಗ್ರಾಮ ಪಂಚಾಯಿತಿಗೋ ಆರೋಗ್ಯ ಕೇಂದ್ರಕ್ಕೋ ತಿಳಿಸಿ. ಊರಿಗೆ ಮರಳಿದ ಹತ್ತು ದಿನಗಳೊಳಗೆ ಜ್ವರ, ವಿಪರೀತ ಮೈನೋವು ಬಂದರೆ ವೈದ್ಯರಿಗೆ ‘ಉತ್ತರ ಕನ್ನಡದ ಕಾಡಿಗೆ ಹೋಗಿದ್ದೆ’ ಎಂದು ಹೇಳಲೇಬೇಕು. ದೂರದ ಊರಿನ ವೈದ್ಯರಿಗೆ ಈ ರೋಗ ತಟ್ಟನೆ ಹೊಳೆಯದು.

ಹಾವು ಕಚ್ಚಿದರೆ?

ಕಟ್ಟು ಬಿಗಿಯಬೇಡಿ, ಕೊಯ್ಯಬೇಡಿ, ಬಾಯಲ್ಲಿ ಹೀರಬೇಡಿ, ನಾಟಿ ಮದ್ದಿಗೆ ಹೊತ್ತು ಕಳೆಯಬೇಡಿ. ಕಚ್ಚಿಸಿಕೊಂಡವರನ್ನು ನಡೆಸದೆ, ಆ ಅಂಗ ಅಲುಗದಂತೆ ಇಟ್ಟು 108ಕ್ಕೆ ಕರೆ ಮಾಡಿ. ಸಿಗ್ನಲ್ ಇಲ್ಲದಿದ್ದರೆ ಸಿಕ್ಕ ಗಾಡಿಯಲ್ಲಿ ಆಸ್ಪತ್ರೆಗೆ ಸಾಗಿಸಿ. ರಾತ್ರಿ ಶೌಚಾಲಯಕ್ಕೆ ಹೋಗಲೂ ಬ್ಯಾಟರಿ ಹಿಡಿದೇ ಹೋಗಿ, ಬೆಳಿಗ್ಗೆ ಶೂ ಕೊಡವಿಯೇ ತೊಡಿ.

ಹುಲಿ ಕಾಣುತ್ತದೆಯೇ?

ಕಂಡರೆ ಅದು ನಿಮ್ಮ ಪುಣ್ಯ. 1956ರಲ್ಲಿ ದಾಂಡೇಲಿ ಅಭಯಾರಣ್ಯ, 1987ರಲ್ಲಿ ಅಣಶಿ ರಾಷ್ಟ್ರೀಯ ಉದ್ಯಾನ, 2007ರಲ್ಲಿ ಎರಡೂ ಸೇರಿ ಹುಲಿ ಸಂರಕ್ಷಿತ ಪ್ರದೇಶ, 2015ರಿಂದ ಅದಕ್ಕೆ ಕಾಳಿಯ ಹೆಸರು. ಹುಲಿ ಇದೆ, ಕಪ್ಪು ಚಿರತೆಯೂ ಇದೆ. ಆದರೆ ಇದು ಬಂಡೀಪುರದಂಥ ತೆರೆದ ಕಾಡಲ್ಲ. ಹತ್ತು ಮಾರು ದೂರದ ಪ್ರಾಣಿಯೂ ಮರೆಯಾಗುವ ದಟ್ಟ ಕಾಡು. ಸಫಾರಿಯಲ್ಲಿ ಹುಲಿಗೆಂದೇ ಕತ್ತು ಚಾಚಿ ಕುಳಿತವರು ತಲೆಯ ಮೇಲೆ ಕೊಂಬೆಯಿಂದ ಕೊಂಬೆಗೆ ಹಾರುವ ಕೆಂದಳಿಲನ್ನು ಕಾಣದೆ ಹಿಂತಿರುಗುತ್ತಾರೆ.

ಹಾರ್ನ್‌ಬಿಲ್ ನೋಡಲೇಬೇಕು. ಎಲ್ಲಿ, ಯಾವಾಗ?

ಇಲ್ಲಿಗೆ ಬರಲು ಇದಕ್ಕಿಂತ ಒಳ್ಳೆಯ ಕಾರಣ ನನಗಂತೂ ಗೊತ್ತಿಲ್ಲ. ಹಾರ್ನ್‌ಬಿಲ್‌ಗೆ ಕನ್ನಡದಲ್ಲಿ ಮಂಗಟ್ಟೆ ಎನ್ನುತ್ತೇವೆ, ಅದರ ನಾಲ್ಕು ಜಾತಿಗಳು ಈ ಕಾಡಿನಲ್ಲಿವೆ. 2011ರಲ್ಲಿ ದಾಂಡೇಲಿ ಸುತ್ತ ಅವುಗಳಿಗೆಂದೇ ಸಂರಕ್ಷಿತ ಪ್ರದೇಶ ಘೋಷಣೆಯಾಯಿತು. ದಾಂಡೇಲಿಯ ಮರದ ಡಿಪೋ, ಗಣೇಶಗುಡಿಯ ಆಸುಪಾಸು ಬೆಳಿಗ್ಗೆ ಆರೂವರೆಗೆ ಹೋಗಿ ಹಣ್ಣು ಬಿಟ್ಟ ಆಲವೋ ಬಸರಿಯೋ ಹುಡುಕಿ, ಅದರ ಕೆಳಗೆ ಸುಮ್ಮನೆ ನಿಲ್ಲಿ. ದೊಡ್ಡ ಮಂಗಟ್ಟೆ ಕಣ್ಣಿಗೆ ಬೀಳುವ ಮೊದಲು ಕಿವಿಗೆ ಬೀಳುತ್ತದೆ. ಉಗಿಬಂಡಿಯ ಉಸಿರಿನಂತೆ ರೆಕ್ಕೆಯ ಸದ್ದು ಮರದ ತಲೆಯ ಮೇಲಿಂದ ಹಾದುಹೋಗುತ್ತದೆ. ಚಳಿಗಾಲ ಮುಗಿಯುತ್ತಿದ್ದಂತೆ ಹೆಣ್ಣು ಪೊಟರೆಯೊಳಗೆ ಹೊಕ್ಕು ಬಾಗಿಲನ್ನು ಹಿಕ್ಕೆ, ಮಣ್ಣುಗಳಿಂದ ತಾನೇ ಮೆತ್ತಿಕೊಳ್ಳುತ್ತದೆ. ಕೊಕ್ಕು ಹೊರಚಾಚುವಷ್ಟೇ ಸೀಳು ಉಳಿಯುತ್ತದೆ. ಮರಿ ಬೆಳೆಯುವವರೆಗೆ ವಾರಗಟ್ಟಲೆ ಗಂಡು ಹಣ್ಣು ತಂದು ಒಂದೊಂದಾಗಿ ಗಂಟಲಿನಿಂದ ತೆಗೆದು ಆ ಸೀಳಿನಲ್ಲಿ ಕೊಡುತ್ತದೆ. ಗೂಡಿನ ಮರದ ಬುಡದಲ್ಲಿ ಜನ ಗುಂಪುಗೂಡಿದರೆ ಗಂಡು ಹತ್ತಿರ ಬರುವುದಿಲ್ಲ, ಒಳಗಿರುವವು ಹಸಿದಿರುತ್ತವೆ. ಯಾರಾದರೂ ‘ಗೂಡಿನ ಕೆಳಗೇ ಕರೆದೊಯ್ಯುತ್ತೇನೆ’ ಎಂದರೆ ಬೇಡವೆನ್ನಿ. ದೂರದಿಂದ ದುರ್ಬೀನಿನಲ್ಲಿ ನೋಡಿ.

ವಯಸ್ಸಾದ ಅಮ್ಮ, ಸಣ್ಣ ಮಕ್ಕಳು ಜೊತೆಗಿದ್ದಾರೆ. ಕರೆದುಕೊಂಡು ಬರಬಹುದೇ?

ಧಾರಾಳವಾಗಿ. ಟೆಂಟಿನ ಬದಲು ಕೋಣೆ ತೆಗೆದುಕೊಳ್ಳಿ. ಸಿಂಥೇರಿಯ ಮೆಟ್ಟಿಲು ಇಳಿಯುವುದು ಸುಲಭ, ಮಂಡಿನೋವಿನವರಿಗೆ ಹತ್ತುವುದೇ ಕಷ್ಟ. ಉಳವಿಯ ಚನ್ನಬಸವಣ್ಣನ ಸನ್ನಿಧಿಗೆ ಗಾಡಿ ಹೋಗುತ್ತದೆ. ಕಾಡಿನ ನಡುವಿನ ಆ ದಾರಿಯೇ ಅಮ್ಮನಿಗೆ ಅರ್ಧ ಪ್ರವಾಸವಾಗುತ್ತದೆ.

ಊಟಕ್ಕೆ ಏನು ಸಿಗುತ್ತದೆ?

ಹೊರಗಿನಿಂದ ಪೊಟ್ಟಣಗಳನ್ನು ಹೊತ್ತು ತರಬೇಡಿ. ಜೊಯಿಡಾದ ಕುಣಬಿ ಸಮುದಾಯದವರು ಗಡ್ಡೆಗೆಣಸು ಬೆಳೆಯುವುದರಲ್ಲಿ ನಿಪುಣರು. ಜನವರಿ ಸುಮಾರಿಗೆ ಜೊಯಿಡಾದಲ್ಲಿ ಗಡ್ಡೆಗೆಣಸಿನ ಮೇಳವೇ ನಡೆಯುತ್ತದೆ. ಮನೆಯವರನ್ನು ‘ನೀವು ತಿನ್ನುವುದನ್ನೇ ಬಡಿಸಿ’ ಎಂದು ಕೇಳಿ. ಕೆಸುವಿನ ಗಡ್ಡೆಯ ಪಲ್ಯ, ಮುರುಗಲಿನ ಸಾರು, ಮಳೆಗಾಲವಾದರೆ ಕಳಲೆ ಬರುತ್ತದೆ. ಇಲ್ಲಿ ಕೊಂಕಣಿ, ಮರಾಠಿ ಮನೆಮಾತಿನವರು ಬಹಳ, ಕನ್ನಡ ಎಲ್ಲರಿಗೂ ಬರುತ್ತದೆ. ಹಿರಿಯರನ್ನು ‘ಮಾಮಾ’, ‘ಅಕ್ಕಾ’ ಎಂದು ಮಾತನಾಡಿಸಿದರೆ ಮಾತು ತಾನಾಗಿ ಬೆಳೆಯುತ್ತದೆ.

## ಇನ್ನಷ್ಟು ತಿಳಿಯಬೇಕೆನ್ನುವವರಿಗೆ

ಸೂಪಾ ಎಂಬ ಊರು ನಕ್ಷೆಯಲ್ಲಿ ಸಿಗುವುದಿಲ್ಲವಲ್ಲ?

ಅದು ನೀರಿನ ಅಡಿಯಲ್ಲಿದೆ. ಕಾಳಿ ಮತ್ತು ಪಾಂಢರಿ ಹೊಳೆಗಳು ಕೂಡುವ ಜಾಗದಲ್ಲಿ ಸೂಪಾ ತಾಲ್ಲೂಕು ಕೇಂದ್ರವಾಗಿತ್ತು. ಅಣೆಕಟ್ಟೆಯ ನೀರಿಗೆ ಮನೆ, ಗದ್ದೆ, ದೇವಸ್ಥಾನಗಳೆಲ್ಲ ಹೋದವು. ಜನರಲ್ಲಿ ಬಹಳ ಮಂದಿ ರಾಮನಗರಕ್ಕೆ ಬಂದು ನೆಲೆಸಿದರು, ತಾಲ್ಲೂಕು ಕಚೇರಿ ಜೊಯಿಡಾಕ್ಕೆ ಬಂತು. ಹಿನ್ನೀರಿನ ದಂಡೆಯಲ್ಲಿ ನಿಂತು ಚಿತ್ರ ತೆಗೆಯುವಾಗ ಇದು ನೆನಪಿರಲಿ. ನಿಮಗೆ ಅಡುಗೆ ಮಾಡಿ ಬಡಿಸುವ ಅಜ್ಜಿಯ ತವರು ಅಲ್ಲೇ ಇದ್ದಿರಬಹುದು.

ಸೂಪಾದ ಕೆಳಗೂ ಅಣೆಕಟ್ಟೆಗಳಿವೆಯೇ? ಅಲ್ಲಿಯೂ ಇದೇ ಎಚ್ಚರ ಬೇಕೇ?

ಬೇಕು. ಬೊಮ್ಮನಹಳ್ಳಿಯಲ್ಲಿ ತಡೆದ ನೀರು ಸುರಂಗದ ಮೂಲಕ ನಾಗಝರಿ ವಿದ್ಯುದಾಗರಕ್ಕೆ ಇಳಿಯುತ್ತದೆ. ಆಮೇಲೆ ಕೊಡಸಳ್ಳಿ, ಅದರ ಕೆಳಗೆ ಕದ್ರಾ. ಕೈಗಾ ಅಣುಸ್ಥಾವರ ಇರುವುದು ಕದ್ರಾ ಹಿನ್ನೀರಿನ ದಂಡೆಯಲ್ಲಿ. ಮಳೆಗಾಲದಲ್ಲಿ ಕದ್ರಾ ತುಂಬಿ ಬಾಗಿಲು ತೆರೆದರೆ ಕೆಳಗಿನ ಊರುಗಳಿಗೆ ನೀರು ನುಗ್ಗುತ್ತದೆ. 2019ರ ಆಗಸ್ಟ್‌ನಲ್ಲಿ ಹಾಗೆಯೇ ಆಯಿತು. ನೀರು ಬಿಡುವ ಮುನ್ನೆಚ್ಚರಿಕೆ ಬಂದ ದಿನ ಕದ್ರಾದಿಂದ ಕಾರವಾರದವರೆಗೆ ಎಲ್ಲಿಯೂ ಹೊಳೆಗೆ ಇಳಿಯಬಾರದು.

ಅಣೆಕಟ್ಟೆಯೇ ಇಲ್ಲದ ಹೊಳೆ ನಿಮ್ಮ ಜಿಲ್ಲೆಯಲ್ಲಿ ಇಲ್ಲವೇ?

ಇದೆ, ಅಘನಾಶಿನಿ. ಶಿರಸಿಯ ಶಂಕರಹೊಂಡದಲ್ಲಿ ಹುಟ್ಟಿ, ಉಂಚಳ್ಳಿಯಲ್ಲಿ 116 ಮೀಟರ್ ಧುಮುಕಿ, ಕುಮಟಾ ತಾಲ್ಲೂಕಿನಲ್ಲಿ ಕಡಲು ಸೇರುತ್ತದೆ. ಅದರ ಅಳಿವೆಗೆ 2024ರಲ್ಲಿ ರಾಮ್ಸಾರ್ ಮಾನ್ಯತೆ, ಅಂದರೆ ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶವೆಂಬ ಮಾನ್ಯತೆ ಬಂತು. ಕಣಿವೆಯ ಕಾಡು ಸಿಂಗಳೀಕಗಳ ನೆಲೆ. ಅಘನಾಶಿನಿಯಲ್ಲಿ ಯಂತ್ರದ ನೀರಿನ ಭಯವಿಲ್ಲ. ಆದರೆ ಮೇಲೆ ಎಲ್ಲೋ ಸುರಿದ ಮಳೆ ನೀವು ನಿಂತಲ್ಲಿಗೆ ಹೇಳದೆ ಬರುತ್ತದೆ. ಶಿರಸಿ ಬಳಿಯ ಸಹಸ್ರಲಿಂಗದಲ್ಲಿ ಶಾಲ್ಮಲೆಯ ಬಂಡೆಗಳ ಮೇಲೆ ಕೊರೆದ ಲಿಂಗಗಳನ್ನು ಬೇಸಿಗೆಯಲ್ಲಿ ನೀರು ಇಳಿದಾಗಲೇ ನೋಡಬೇಕು. ಮಳೆಗಾಲದಲ್ಲಿ ಅಲ್ಲಿ ಬಂಡೆ ದಾಟುವ ಸಾಹಸ ಬೇಡ.

ಹಿಂತಿರುಗುವಾಗ ಕಾರವಾರದಲ್ಲಿ ಅರ್ಧ ದಿನ ಉಳಿಯುತ್ತದೆ. ಅಲ್ಲಿ ಕಾಳಿಯನ್ನು ಎಲ್ಲಿಂದ ನೋಡಬೇಕು?

ಸದಾಶಿವಗಡದ ಗುಡ್ಡ ಹತ್ತಿ. ಒಂದು ಕಡೆ ಹೊಳೆ, ಎದುರಿಗೆ ಕಡಲು, ಕೆಳಗೆ ಸೇತುವೆ. ಇಳಿತದ ಹೊತ್ತಾದರೆ ಉಪ್ಪುನೀರಿನ ಕೆಸರಿನಲ್ಲಿ ಬೆಳೆಯುವ ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳ ಬೇರುಗಳು ಕೆಸರಿನಿಂದ ಎದ್ದು ನಿಂತಿರುತ್ತವೆ. ಬೆಳ್ಳಕ್ಕಿಗಳು ಅವುಗಳ ನಡುವೆ ಹೆಜ್ಜೆ ಎಣಿಸುತ್ತ ನಡೆಯುತ್ತವೆ, ಚಿಪ್ಪು ಹೆಕ್ಕುವ ಹೆಂಗಸರು ಮೊಣಕಾಲಿನವರೆಗೆ ಕೆಸರಿನಲ್ಲಿ ಇಳಿದಿರುತ್ತಾರೆ. ಕಾಂಡ್ಲಾದ ನಡುವೆಯೇ ನಡೆಯಬೇಕೆಂದರೆ ಹೊನ್ನಾವರದ ಬಳಿ ಶರಾವತಿಯಲ್ಲಿ ಹಲಗೆಯ ಹಾದಿ ಇದೆ. ಭರತ-ಇಳಿತದ ಹೊತ್ತು ದಿನದಿನಕ್ಕೆ ಬದಲಾಗುವುದರಿಂದ ಬೆಳಿಗ್ಗೆಯೇ ದಂಡೆಯ ಮೀನುಗಾರರನ್ನು ಕೇಳಿಕೊಂಡು, ಆಮೇಲೆ ಬಸ್ಸಿನ ಹೊತ್ತು ಗೊತ್ತುಮಾಡಿಕೊಳ್ಳಿ.